ಹನ್ನೊಂದು ಪಿಪಿಟ್‌ಗಳು

ಐವತ್ತೊಂದು ತುಂಬಿದ ವರ್ಷವೇ ವಿಲ್ಫ್ರೆಡ್ ಗೇಜ್‌ನ ಕಣ್ಣು ಹತ್ತಿರದ್ದನ್ನು ಕಾಣಲು ತಕರಾರು ತೆಗೆಯಿತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಪತ್ರಿಕೆಯನ್ನು ತೋಳು ಚಾಚಿ ಹಿಡಿದು ಓದುತ್ತಿದ್ದ. ಹೆಂಡತಿ ನೋರಾ ಯಾಕೆ ಹಾಗೆ ಎಂದು ಕೇಳಿದರೆ, ಇತ್ತೀಚೆಗೆ ಅಕ್ಷರ ಸಣ್ಣದು ಮಾಡಿದ್ದಾರೆ, ಕಾಗದ ಉಳಿಸೋದಕ್ಕಿರಬೇಕು ಎಂದು ಹೇಳಿ ಪುಟ ತಿರುವುತ್ತಿದ್ದ. ಹದಿನಾರನೆಯ ವಯಸ್ಸಿನಿಂದ ಬೆಸುಗೆ ಹಾಕಿ ಬದುಕಿದವನು. ಯುದ್ಧದ ಕಾಲದಲ್ಲಿ ವಿಮಾನದ ಚೌಕಟ್ಟುಗಳನ್ನು ಬೆಸೆದವನು. ಅಂಥವನು ಕಣ್ಣು ಮಂಜಾಗಿದೆ ಎಂದು ಬಾಯಿಬಿಟ್ಟರೆ ಕಸುಬನ್ನೇ ಕೈಯಾರೆ ಬಾಗಿಲಾಚೆ ಇಟ್ಟಂತೆ ಎಂಬುದು ಅವನ ಲೆಕ್ಕ.

ಅವನು ಕೆಲಸ ಮಾಡುತ್ತಿದ್ದದ್ದು ವೇರ್ ಊರಿನ ಹೊಳೆದಂಡೆಯ ಒಂದು ಹಳೆಯ ಕಟ್ಟಡದಲ್ಲಿ. ಹಿಂದೆ ಅಲ್ಲಿ ಬಿಯರಿಗೆಂದು ಬಾರ್ಲಿಯನ್ನು ಮೊಳಕೆ ಕಟ್ಟಿ ಒಣಗಿಸುತ್ತಿದ್ದರು. ಮಳೆ ಬಂದ ದಿನ ಗೋಡೆಗಳಿಂದ ಈಗಲೂ ಆ ಸಿಹಿ ಕಮಟು ವಾಸನೆ ಏಳುತ್ತಿತ್ತು. ಕಟ್ಟಡವನ್ನು ಬಾಡಿಗೆಗೆ ಹಿಡಿದಿದ್ದವನು ಲಯನೆಲ್ ಹಾಬ್ಡೇ ಎಂಬ ಇಪ್ಪತ್ತೆಂಟರ ಎಂಜಿನಿಯರ್. ವಿಮಾನದ ಕಾರ್ಖಾನೆಯ ಭದ್ರವಾದ ಕೆಲಸ ಬಿಟ್ಟು, ತಾನೇ ಗೆರೆ ಎಳೆದ ಪುಟ್ಟ ಕಾರೊಂದನ್ನು ಊರೂರಿಗೆ ಕಳಿಸುವ ಹುಚ್ಚು ಹಿಡಿಸಿಕೊಂಡಿದ್ದ. ಕಾರಿನ ಹೆಸರು ಪಿಪಿಟ್. ಹುಲ್ಲುಗಾವಲಿನ ಬೂದು ಹಕ್ಕಿಯ ಹೆಸರು ಅದು. ಆ ಹಕ್ಕಿಯಷ್ಟೇ ಹಗುರ ಕಾರು. ಬಾಗಿಲಿಲ್ಲ, ಚಾವಣಿಯಿಲ್ಲ, ಪೆಟ್ಟಿಗೆ ಇಡಲು ಜಾಗವಿಲ್ಲ. ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಕೊಳವೆಗಳನ್ನು ಪಂಜರದಂತೆ ಬೆಸೆದು, ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿದರೆ ಮುಗಿಯಿತು. ಬರೀ ಪಂಜರವನ್ನು ವಿಲ್ಫ್ ಒಬ್ಬನೇ ಹೆಗಲ ಮೇಲೆ ಹೊತ್ತು ಅಂಗಳ ದಾಟಿಸುತ್ತಿದ್ದ. ಎಂಜಿನ್ನನ್ನು ಕೊಂಡವನೇ ಹಳೆಯ ಫೋರ್ಡ್ ಒಂದರಿಂದ ಕಿತ್ತು ತಂದುಕೊಳ್ಳಬೇಕು.

ಪಿಪಿಟ್ ಇಡಿಯಾಗಿ ಮಾರಾಟವಾಗುತ್ತಿರಲಿಲ್ಲ. ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಹೋಗುತ್ತಿತ್ತು. ಹೊಸ ಕಾರು ಕೊಂಡರೆ ಸರ್ಕಾರಕ್ಕೆ ಭಾರಿ ತೆರಿಗೆ ಕಟ್ಟಬೇಕಿದ್ದ ಕಾಲ. ಬಿಡಿಭಾಗ ಕೊಂಡು ಸ್ವಂತ ಕೈಯಿಂದ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ಆದರೆ ಷರತ್ತುಗಳಿದ್ದವು. ಕಸುಬಿನವರ ಕೈ ತಾಗಬಾರದು. ಹೇಗೆ ಜೋಡಿಸಬೇಕೆಂದು ತಯಾರಿಸಿದವರು ಬರೆದುಕೊಡಬಾರದು. ಫೆಬ್ರವರಿಯಲ್ಲಿ ಸುಂಕದ ಕಚೇರಿಯಿಂದ ಒಬ್ಬ ಸಣಕಲು ಅಧಿಕಾರಿ ಛತ್ರಿ ಹಿಡಿದು ಬಂದಿದ್ದ. ಎರಡು ಲೋಟ ಚಹಾ ಕುಡಿದು, ಪೆಟ್ಟಿಗೆಗಳನ್ನೆಲ್ಲ ಸುತ್ತಿ ನೋಡಿ, ಇನ್ನೊಮ್ಮೆ ಬರುವುದಾಗಿ ಹೇಳಿ ಹೋಗಿದ್ದ. ಅವತ್ತಿನಿಂದ ಹಾಬ್ಡೇಗೆ ಅಂಗಳದಲ್ಲಿ ಛತ್ರಿ ಕಂಡರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು.

ಹಾಗೆ ಮೊದಲ ಕಂತಿನ ಹನ್ನೆರಡು ಪಂಜರಗಳಲ್ಲಿ ಹನ್ನೊಂದು ಊರೂರಿಗೆ ಹೋದವು. ಅದು ಸಾವಿರದ ಒಂಬೈನೂರ ಐವತ್ತೆಂಟರ ಮಾರ್ಚ್ ತಿಂಗಳು.

ಏಪ್ರಿಲ್ ಮೂರನೆಯ ವಾರ ಸಫೋಕ್ ಕಡೆಯ ಒಂದು ಹಳ್ಳಿಯಿಂದ ಮಾರಿಸ್ ಆಲ್ಡಸ್ ಎಂಬವನ ಕಾಗದ ಬಂತು. ಟೈಪ್ ಮಾಡಿದ್ದ. ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು, ಕೊನೆಯ ಸಾಲು ಕಾಗದದ ಅಂಚು ದಾಟಿ ಅರ್ಧಕ್ಕೇ ನಿಂತಿತ್ತು. ವಿಷಯ ಮಾತ್ರ ಚೊಕ್ಕವಾಗಿತ್ತು. ಸ್ಟೀರಿಂಗ್ ಪೆಟ್ಟಿಗೆ ಕೂರುವ ಬ್ರಾಕೆಟ್ಟಿನ ಅಡಿ ಅಂಚಿನಲ್ಲಿ ಉಗುರು ಸಿಕ್ಕುತ್ತದೆ, ಅದು ಉಗುರು ಸಿಕ್ಕಬಾರದ ಜಾಗ, ದಯವಿಟ್ಟು ನೋಡಿ.

ಹಾಬ್ಡೇ ಅದನ್ನು ಗಟ್ಟಿಯಾಗಿ ಓದಿ ನಕ್ಕ. ಹೋದ ವಾರ ಒಬ್ಬ ಹಾರ್ನಿನ ಸ್ವರ ಸರಿಯಿಲ್ಲ ಎಂದು ಬರೆದಿದ್ದ; ಹಾರ್ನನ್ನು ಅವರು ಕೊಡುತ್ತಲೇ ಇರಲಿಲ್ಲ. ಇದೂ ಅಂಥದ್ದೇ ಎಂದು ಕಾಗದವನ್ನು ಮೊಳೆಗೆ ಚುಚ್ಚಿ ಅವನು ಊಟಕ್ಕೆ ಹೋದ.

ವಿಲ್ಫ್ ನಗಲಿಲ್ಲ. ಹನ್ನೆರಡೂ ಬ್ರಾಕೆಟ್ಟುಗಳನ್ನು ಅವನು ಒಂದೇ ದಿನ ಬೆಸೆದಿದ್ದ. ಪಂಜರದಲ್ಲಿ ಕೊಳವೆಗಳು ಸೇರುವ ಉಳಿದ ಕೂಡುಗಳನ್ನೆಲ್ಲ ಎದೆಮಟ್ಟದ ಚೌಕಟ್ಟಿನಲ್ಲಿ ಬಿಗಿದು, ಕೈ ಚಾಚಿದಷ್ಟು ದೂರದಿಂದ ಬೆಸೆಯಬಹುದಿತ್ತು. ಆ ಬ್ರಾಕೆಟ್ಟಿನ ಅಡಿ ಅಂಚು ಮಾತ್ರ ನೆಲದ ಮೇಲೆ ಅಂಗಾತ ಮಲಗಿ, ಮೂಗಿನ ಹತ್ತಿರ ಜ್ವಾಲೆ ಹಿಡಿದು ಮಾಡಬೇಕಾದ ಕೆಲಸ. ಅವತ್ತು ಅವನಿಗೆ ಕಂಡದ್ದು ಮಂಜು. ಕೈಗೆ ಮೂವತ್ತಾರು ವರ್ಷದ ಅಭ್ಯಾಸವಿದೆ, ಕೈಯೇ ನೋಡಿಕೊಳ್ಳುತ್ತದೆ ಎಂದುಕೊಂಡು ಮುಂದೆ ಸಾಗಿದ್ದ.

ವರ್ಕ್‌ಶಾಪಿನಲ್ಲಿ ಉಳಿದಿದ್ದ ಹನ್ನೆರಡನೆಯ ಪಂಜರದ ಹತ್ತಿರ ಹೋಗಿ ಅವನು ಅಡಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಜ್ವಾಲೆಯ ಮುಂದೆ ಬೆಂದು ಒರಟಾದ ಹೆಬ್ಬೆರಳಿಗೆ ಏನೂ ತಿಳಿಯಲಿಲ್ಲ. ಸುತ್ತಿಗೆ ತಂದು ಹೊಡೆದ. ಒಂದು ಏಟು, ಎರಡು ಏಟು. ಮೂರನೆಯದಕ್ಕೆ ಬ್ರಾಕೆಟ್ ಠಣ್ ಎಂದು ಕಲ್ಲಿನ ನೆಲಕ್ಕೆ ಬಿತ್ತು. ವಿಲ್ಫ್ ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ತೋಳು ಚಾಚಿ ಹಿಡಿದ. ಅರ್ಧ ಅಂಚು ಮಾತ್ರ ಕರಗಿ ಕಚ್ಚಿಕೊಂಡಿತ್ತು. ಉಳಿದರ್ಧ ಬರೀ ಮೇಲೆ ಬಳಿದಂತಿತ್ತು. ಓಡುವಾಗ ಇದು ಕಳಚಿದರೆ ಕಾರು ತಿರುಗಿಸಿದ ಕಡೆ ತಿರುಗುವುದಿಲ್ಲ.

ಹಾಬ್ಡೇ ಊಟ ಮುಗಿಸಿ ಬಂದಾಗ ಅದು ಅವನ ಮೇಜಿನ ಮೇಲಿತ್ತು. ವಿಲ್ಫ್ ಪಕ್ಕದಲ್ಲಿ ನಿಂತಿದ್ದ. ವಯಸ್ಸಿನಲ್ಲಿ ಮಗನಂತಿದ್ದ ಯಜಮಾನನನ್ನು ಅವನು ಅರ್ಧ ತಮಾಷೆಗೆ ಧಣಿ ಎನ್ನುತ್ತಿದ್ದ. ಅವತ್ತು ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

“ಧಣಿ, ಇದನ್ನ ನೋಡಿ. ಮೂರು ಏಟಿಗೆ ಬಿತ್ತು.”

ಹಾಬ್ಡೇ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. “ಹನ್ನೊಂದೂ ಹೀಗೇನಾ?”

“ಅದೇ ದಿನ, ಅದೇ ಕೈ. ಹೌದು ಅಂತಲೇ ಇಟ್ಕೊಳ್ಳಿ.”

“ನಿಮ್ಮ ಕೈಯಿಂದ ಇಂಥದ್ದು ಹೇಗೆ ಬಂತು, ವಿಲ್ಫ್?”

ವಿಲ್ಫ್ ತಪ್ಪು ನನ್ನದು ಎಂದನೇ ಹೊರತು ಕಣ್ಣಿನ ಮಾತು ಎತ್ತಲಿಲ್ಲ. ಹಾಬ್ಡೇಯೂ ಕೆದಕಲಿಲ್ಲ. ಅವನ ತಲೆಯಲ್ಲಿ ಆಗಲೇ ಹನ್ನೊಂದು ಊರುಗಳು ಓಡುತ್ತಿದ್ದವು. ಒಂದು ಗಂಟೆಯೊಳಗೆ ಅಂಚೆ ಕಚೇರಿಯಿಂದ ಹನ್ನೊಂದು ತಂತಿ ಹೋದವು: ಕಾರು ಓಡಿಸಬೇಡಿ, ನಮ್ಮವರು ಬರುತ್ತಾರೆ.

ಎರಡು ದಿನ ಕೂತು ವಿಲ್ಫ್ ಹೊಸ ಬ್ರಾಕೆಟ್ ಮಾಡಿದ. ಅದಕ್ಕೆ ಬೆಸುಗೆಯೇ ಬೇಡ. ಎರಡು ಹೋಳುಗಳು ಕೊಳವೆಯನ್ನು ಎರಡು ಕಡೆಯಿಂದ ತಬ್ಬಿ ಹಿಡಿಯುತ್ತವೆ, ನಾಲ್ಕು ಬೋಲ್ಟು ಬಿಗಿದರೆ ಆಯಿತು. ಹಳೆಯದನ್ನು ಗರಗಸದಿಂದ ಕೊಯ್ದು, ಅರ ಹಾಕಿ ಉಜ್ಜಿ, ಹೊಸದನ್ನು ಕೂರಿಸುವುದು ಯಾರಿಗಾದರೂ ಬರುವ ಕೆಲಸ. ಹಾಬ್ಡೇ ಅದನ್ನು ನೋಡಿ, ಮೊದಲೇ ಹೀಗೆ ಗೆರೆ ಎಳೆಯಬೇಕಿತ್ತು, ನನಗೆ ಹೊಳೆಯಲಿಲ್ಲ ಎಂದು ಒಪ್ಪಿಕೊಂಡ. ಆಮೇಲೆ ಅವನಿಗೆ ಛತ್ರಿಯ ನೆನಪಾಯಿತು. ನಮ್ಮ ಆಳು ಹೋಗಿ ಕೊಂಡವರ ಕಾರಿಗೆ ಸ್ಪ್ಯಾನರ್ ಹಚ್ಚಿದನೆಂದು ಸುಂಕದವರಿಗೆ ತಿಳಿದರೆ, ಇವೆಲ್ಲ ಕಾರ್ಖಾನೆಯವರೇ ಕಟ್ಟಿದ ಕಾರುಗಳು ಎನ್ನುತ್ತಾರೆ. ಹನ್ನೊಂದು ಮನೆಯವರೂ ತೆರಿಗೆ ಕಟ್ಟಬೇಕಾಗುತ್ತದೆ.

“ಬ್ರಾಕೆಟ್ ಅವರ ಕೈಗೆ ಕೊಡಿ,” ಎಂದ ಹಾಬ್ಡೇ. “ನಿಮ್ಮ ಎರಡೂ ಕೈ ಜೇಬಲ್ಲಿರಲಿ. ಹೀಗೆ ಮಾಡಿ, ಹಾಗೆ ಮಾಡಿ ಅಂತ ಬಾಯಿನೂ ಬಿಡಬೇಡಿ.”

“ಮತ್ತೆ ನಾನು ಅಲ್ಲಿ ಮಾಡೋದೇನು, ಧಣಿ?”

“ಚಹಾ ಕುಡೀರಿ. ಆದರೆ ಬ್ರಾಕೆಟ್ ಸರಿಯಾಗಿ ಕೂರೋ ತನಕ ಆ ಮನೆ ಬಿಡಬೇಡಿ.”

ಹೀಗೆ ವಿಲ್ಫ್ ಹಳೆಯ ವ್ಯಾನಿನಲ್ಲಿ ಹೊರಟ. ಮೊದಲ ಮನೆ ಬೆಡ್‌ಫರ್ಡಿನ ದಂತವೈದ್ಯ ಪೆಟಿಫರ್‌ನದು. ಪೆಟಿಫರ್ ತನ್ನ ಬೋಲ್ಟುಗಳನ್ನೆಲ್ಲ ಹಲ್ಲು ಕೀಳುವ ಉಪಕರಣಗಳ ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದ. ಗರಗಸ ಹಿಡಿದು, ರೋಗಿಗೆ ನೋವಾದೀತೆಂಬಷ್ಟು ನಾಜೂಕಾಗಿ ಕೊಯ್ಯತೊಡಗಿದ. ಅರ್ಧ ಗಂಟೆಯಾದರೂ ಉಕ್ಕಿನ ಮೇಲೆ ಗೀರಿನ ಹೊರತು ಬೇರೇನೂ ಮೂಡಲಿಲ್ಲ. ವಿಲ್ಫ್ ಜೇಬಿನೊಳಗೆ ಮುಷ್ಟಿ ಬಿಗಿದುಕೊಂಡು ನಿಂತ. ಕೊನೆಗೆ ತಡೆಯಲಾರದೆ ಕೇಳಿದ:

“ಆ ಗರಗಸದ ಹಲ್ಲು ಯಾವ ಕಡೆ ಮುಖ ಮಾಡಿದೆ ಅಂತ ನನಗೊಂದು ಕುತೂಹಲ ನೋಡಿ.”

“ನನಗೇ ಹಲ್ಲಿನ ಪಾಠ ಹೇಳ್ತೀರಾ?” ಎಂದ ಪೆಟಿಫರ್. ಆಮೇಲೆ ಗರಗಸವನ್ನು ಕಣ್ಣ ಹತ್ತಿರ ತಂದು ನೋಡಿ, ಮಾತಿಲ್ಲದೆ ಅಲಗನ್ನು ಬಿಚ್ಚಿ ತಿರುಗಿಸಿ ಹಾಕಿದ.

ಅಲ್ಲಿಂದ ವಿಲ್ಫ್‌ಗೆ ದಾರಿ ಸಿಕ್ಕಿತು. ಹೇಳುವ ಹಾಗಿಲ್ಲ, ಆದರೆ ಕೇಳುವುದಕ್ಕೆ ಅಡ್ಡಿಯಿಲ್ಲ. ಲಿಂಕನ್ ಕಡೆಯ ಪಾದ್ರಿಯೊಬ್ಬ ಇಗರ್ಜಿಯ ಪಕ್ಕದ ಸಭಾಮನೆಯಲ್ಲಿ ಕಾರು ಹರವಿಕೊಂಡಿದ್ದ. ವಾಷರ್ ಹಾಕಲು ಮರೆತವನನ್ನು ವಿಲ್ಫ್, ಆ ಚಿಕ್ಕ ಬಳೆಯಂಥದ್ದು ಯಾತಕ್ಕಿರಬಹುದು ಎಂದು ವಿಚಾರಿಸಿದ. ಹಾಗೆ ಕೇಳಿ ಕೇಳಿಯೇ ಎರಡು ವಾರದಲ್ಲಿ ಎಂಟು ಮನೆ ಮುಗಿಸಿದ. ಹೋದಲ್ಲೆಲ್ಲ ಜನ ಒಳ್ಳೆಯವರು, ಚಹಾ ಬಿಸಿ. ಬಹುಪಾಲು ಕಾರುಗಳು ಇನ್ನೂ ಅರೆಬರೆ ನಿಂತಿದ್ದವು, ರಸ್ತೆಗೆ ಇಳಿದಿರಲಿಲ್ಲ. ಅವನ ಎದೆಭಾರ ಸ್ವಲ್ಪ ಇಳಿಯಿತು.

ಒಂಬತ್ತನೆಯದು ಲೆಸ್ಟರ್‌ನಲ್ಲಿ. ಕಾಲುಚೀಲದ ಕಾರ್ಖಾನೆಯಲ್ಲಿ ಹೆಣಿಗೆ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ರೆಜಿನಾಲ್ಡ್ ಟಿಲ್ಲಿಯ ಮನೆ. ಅವನು ಕೆಲಸ ಬಲ್ಲವನು. ಪೆಟ್ಟಿಗೆ ಬಂದ ಮೂರೇ ವಾರಕ್ಕೆ ಕಾರು ಕಟ್ಟಿ ಮುಗಿಸಿದ್ದ. ತಂತಿ ತಲುಪಿತ್ತು, ಆದರೆ ಅದಕ್ಕೆ ಅವನು ಸೊಪ್ಪು ಹಾಕಿರಲಿಲ್ಲ. ಆರುನೂರು ಮೈಲಿ ಓಡಿಸಿದ್ದೇನೆ, ಕೂದಲಷ್ಟೂ ಅಲುಗಿಲ್ಲ ಎಂದು ವಾದಿಸಿದ. ವಿಲ್ಫ್ ವಾದಕ್ಕೆ ಹೋಗಲಿಲ್ಲ. ನಿಮ್ಮ ಮನೆಯಲ್ಲಿ ಸುತ್ತಿಗೆ ಇದೆಯೇ ಎಂದು ಕೇಳಿದ.

ಟಿಲ್ಲಿಯ ಮೊದಲ ಏಟಿಗೇ ಬ್ರಾಕೆಟ್ ಕಳಚಿ ಅವನ ಬೂಟಿನ ಪಕ್ಕ ಬಿತ್ತು.

ಟಿಲ್ಲಿ ಅದನ್ನು ಎತ್ತಿಕೊಳ್ಳಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕೂತ. ಅಡುಗೆಮನೆಯಲ್ಲಿ ಅವನ ಮಗಳು, ಆರೇಳು ವರ್ಷದವಳು, ಶಾಲೆಯ ಕೋಟು ತೊಟ್ಟು, ಬ್ರೆಡ್ಡಿಗೆ ಜಾಮ್ ಸವರಿಕೊಂಡು ತಿನ್ನುತ್ತಿದ್ದಳು.

“ದಿನಾ ಬೆಳಗ್ಗೆ ಅವಳನ್ನ ಇದರಲ್ಲೇ ಕೂರಿಸ್ಕೊಂಡು ಹೋಗ್ತೀನಿ,” ಎಂದ ಟಿಲ್ಲಿ. “ಇವತ್ತೂ ಹೋಗಿದ್ದೆ.”

ಟಿಲ್ಲಿ ಎದ್ದು ಅರ ಹುಡುಕಿಕೊಂಡು ಕೆಲಸಕ್ಕೆ ಕೂತ. ಅವನಿಗೆ ಯಾವ ಪ್ರಶ್ನೆಯ ಸಹಾಯವೂ ಬೇಕಿರಲಿಲ್ಲ. ನಲವತ್ತು ನಿಮಿಷ ಹಿಡಿಯಿತು. ಕೊನೆಯ ಬೋಲ್ಟು ಬಿಗಿದ ಮೇಲೆ ಅವನು ತಲೆಯೆತ್ತಿ ಕೇಳಿದ:

“ಆ ಬೆಸುಗೆ ಹಾಕಿದವನನ್ನ ಇನ್ನೂ ಕೆಲಸದಲ್ಲಿ ಇಟ್ಕೊಂಡಿದ್ದಾರಾ?”

“ಇಟ್ಕೊಂಡಿದ್ದಾರೆ,” ಎಂದ ವಿಲ್ಫ್.

ಅಷ್ಟೇ ಹೇಳಿದ. ವ್ಯಾನ್ ಹತ್ತಿ ಊರು ದಾಟಿದ ಮೇಲೆ, ರಸ್ತೆಬದಿಯಲ್ಲಿ ನಿಲ್ಲಿಸಿ, ನೋರಾ ಕಟ್ಟಿಕೊಟ್ಟಿದ್ದ ಚೀಸು ಉಪ್ಪಿನಕಾಯಿಯ ಬ್ರೆಡ್ಡನ್ನು ಬಿಚ್ಚಿದ. ಒಂದು ತುತ್ತೂ ಇಳಿಯಲಿಲ್ಲ. ಸುಳ್ಳು ಹೇಳಿರಲಿಲ್ಲ ನಿಜ. ಆದರೆ ಆ ಬೆಸುಗೆಯವನು ಬೇರೆ ಯಾರೋ ಎಂದು ಟಿಲ್ಲಿ ನಂಬಲು ಬಿಟ್ಟು ಬಂದಿದ್ದ.

ಹತ್ತನೆಯದು ನಾರಿಚ್‌ನಲ್ಲಿ ಮುಗಿಯಿತು. ಉಳಿದದ್ದು ಕಾಗದ ಬರೆದ ಆಲ್ಡಸ್ ಒಬ್ಬನೇ. ದಾರಿಯ ಅನುಕೂಲಕ್ಕೆ ಅವನನ್ನು ಕೊನೆಗಿಟ್ಟಿದ್ದೇನೆ ಎಂದು ವಿಲ್ಫ್ ಹಾಬ್ಡೇಗೆ ಹೇಳಿದ್ದ. ನಿಜವೆಂದರೆ ತನ್ನ ತಪ್ಪನ್ನು ಕಂಡುಹಿಡಿದವನ ಮುಂದೆ ನಿಲ್ಲಲು ಅವನಿಗೆ ಧೈರ್ಯ ಬಂದಿರಲಿಲ್ಲ.

ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ ಆ ಹಳ್ಳಿ ಸಿಕ್ಕಿತು. ಸಮುದ್ರದ ಗಾಳಿ ಬೀಸುವ, ಚಪ್ಪಟೆಯಾದ ಸೀಮೆ. ಆಲ್ಡಸ್‌ನ ಹೆಂಡತಿ ಫ್ರೀಡಾ ತೋಟದಲ್ಲಿ ರೂಬಾರ್ಬ್ ಎಂಬ ಹುಳಿ ಸೊಪ್ಪಿನ ದಂಟು ಕೊಯ್ಯುತ್ತಿದ್ದಳು. ಮಣ್ಣಿನ ಕೈಯಿಂದಲೇ ಹಿಂದಿನ ಗುಡಿಸಲನ್ನು ತೋರಿಸಿ, ಒಳಗೆ ಹೋಗಿ, ಎಡಗಡೆಯ ಡಬ್ಬಿಗಳನ್ನು ಮಾತ್ರ ಒದೀಬೇಡಿ ಎಂದಳು.

ಗುಡಿಸಲಿಗೆ ಕಿಟಕಿ ಇರಲಿಲ್ಲ. ಒಳಗೆ ಕಗ್ಗತ್ತಲು. ಆ ಕತ್ತಲಲ್ಲಿ ಅರ ಉಜ್ಜುವ ಸದ್ದು ಒಂದೇ ಸಮನೆ ಬರುತ್ತಿತ್ತು.

“ಯಾರಾದ್ರೂ ಇದ್ದೀರಾ?”

“ಇದ್ದೀನಿ ಬನ್ನಿ. ಸ್ವಿಚ್ಚು ಬಾಗಿಲ ಹಿಂದಿದೆ, ನಿಮಗೆ ಬೇಕಿದ್ರೆ ಹಾಕ್ಕೊಳ್ಳಿ.”

ದೀಪ ಹತ್ತಿತು. ಪಂಜರದ ಪಕ್ಕ ಮಣೆ ಹಾಕಿಕೊಂಡು ಕೂತಿದ್ದವನಿಗೆ ನಲವತ್ತರ ಆಸುಪಾಸು. ಹಣೆಯಿಂದ ಕೆನ್ನೆಯವರೆಗೆ ಸುಟ್ಟ ಗಾಯ ಮಾಗಿ ನುಣುಪಾಗಿತ್ತು. ರೆಪ್ಪೆಗಳು ಮುಚ್ಚಿದ್ದವು. ದೀಪ ಹತ್ತಿದ್ದಕ್ಕೆ ಅವು ಮಿಸುಕಲಿಲ್ಲ.

ವಿಲ್ಫ್ ಬಾಗಿಲಲ್ಲೇ ನಿಂತುಬಿಟ್ಟ. ಕಾಗದದ ವಕ್ರ ಸಾಲುಗಳು ಈಗ ಅರ್ಥವಾದವು.

ಮಾರಿಸ್ ಆಲ್ಡಸ್ ಯುದ್ಧದಲ್ಲಿ ವಿಮಾನ ನಿಲ್ದಾಣದ ಎಂಜಿನ್ ಕೆಲಸಗಾರನಾಗಿದ್ದ. ಸಾವಿರದ ಒಂಬೈನೂರ ನಲವತ್ಮೂರರಲ್ಲಿ ಇಂಧನದ ಕೊಳವೆ ಒಡೆದು ಬೆಂಕಿ ಹತ್ತಿ ಕಣ್ಣು ಹೋಯಿತು. ಆಮೇಲೆ ಬುಟ್ಟಿ ಹೆಣೆಯಲು ಕಲಿಸಿದರು, ಟೈಪ್ ಮಾಡಲು ಕಲಿಸಿದರು. ಎರಡೂ ಅವನಿಗೆ ಹಿಡಿಸಲಿಲ್ಲ. ಹದಿನೈದು ವರ್ಷದ ಮೇಲೆ ಪಿಪಿಟ್‌ನ ವಿಷಯವನ್ನು ಫ್ರೀಡಾ ಪತ್ರಿಕೆಯಲ್ಲಿ ಓದಿ ಹೇಳಿದಾಗ, ಇದನ್ನು ನಾನು ಕಟ್ಟುತ್ತೇನೆ, ನೀನು ಓಡಿಸು ಎಂದಿದ್ದ. ಅವಳು ಡ್ರೈವಿಂಗ್ ಪರೀಕ್ಷೆಗೆ ಹೋಗಿ ಒಮ್ಮೆ ನಪಾಸಾಗಿಯೂ ಬಂದಿದ್ದಳು. ದಾರಿಗಡ್ಡ ಬಂದ ಹಸುವಿಗೆ ಕೈತೋರಿಸಿ ಸಂಜ್ಞೆ ಮಾಡಿದ್ದೇ ಕಾರಣ ಎಂದು ಗಂಡ ಊರೆಲ್ಲ ಹೇಳಿಕೊಂಡು ನಗುತ್ತಿದ್ದ.

ಅವನ ಬೋಲ್ಟುಗಳು ತಂಬಾಕಿನ ಡಬ್ಬಿಗಳಲ್ಲಿದ್ದವು. ಡಬ್ಬಿಯ ಮುಚ್ಚಳಕ್ಕೆ ಅರದಿಂದ ಒಂದು, ಎರಡು, ಮೂರು ಕಚ್ಚು ಹಾಕಿ ಗುರುತು ಮಾಡಿದ್ದ. ಅಳತೆಗೆ ಗಂಟು ಹಾಕಿದ ದಾರ. ಇದನ್ನೆಲ್ಲ ಅವನು, ಹೆಸರು ಹೇಳಿ ಹತ್ತಿರ ಬಂದ ವಿಲ್ಫ್‌ನ ಕೈಗೆ ಒಂದೊಂದಾಗಿ ಕೊಟ್ಟು ತೋರಿಸಿದ. ಆಮೇಲೆ ಪಂಜರದ ಮೇಲೆ ಅಂಗೈ ಇಟ್ಟ.

“ಇದರಲ್ಲಿ ಎಂಬತ್ನಾಲ್ಕು ಕೂಡುಗಳಿವೆ, ಗೇಜ್ ಅವ್ರೇ. ಎಲ್ಲಾನೂ ತಡವಿ ನೋಡಿದೀನಿ. ಒಂದು ವಾರ ಅದೇ ಕೆಲಸ. ಎಂಬತ್ಮೂರು ಒಂದೇ ಕೈಯವು. ಒಳ್ಳೆ ಕೈ. ಮೀನಿನ ಹುರುಪೆ ಹಾಗೆ ಸಮ. ಈ ಬ್ರಾಕೆಟ್ ಮಾತ್ರ ಯಾರೋ ಕಲಿಯೋನ ಕೈಗೆ ಕೊಟ್ಟಿದ್ರಿ ಅಂತ ಕಾಣುತ್ತೆ.”

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ವಿಲ್ಫ್ ಜೇಬಿನಿಂದ ಕೈ ತೆಗೆದ.

“ಕಲಿಯೋನು ಯಾರೂ ಇಲ್ಲ. ಎಂಬತ್ನಾಲ್ಕೂ ನನ್ನವೇ.”

“ಅವತ್ತೇನಾಗಿತ್ತು ನಿಮಗೆ?”

“ಕಣ್ಣು,” ಎಂದ ವಿಲ್ಫ್. “ಹತ್ತಿರದ್ದು ಕಾಣಲ್ಲ. ಒಂದು ವರ್ಷ ಆಯ್ತು. ದೂರ ಹಿಡಿದ್ರೆ ಸರಿ ಇರುತ್ತೆ. ಆ ಅಡಿ ಅಂಚು ಮೂಗಿನ ಮುಂದೇ ಬರುತ್ತೆ. ಕಂಡಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ.”

ಈ ಮಾತನ್ನು ಅವನು ನೋರಾಗೂ ಹೇಳಿರಲಿಲ್ಲ. ಮಾರಿಸ್ ಅರವನ್ನು ಪಕ್ಕಕ್ಕಿಟ್ಟ. ಹೊರಗೆ ಫ್ರೀಡಾ ಬಾವಿಯ ಪಂಪು ಒತ್ತುವ ಸದ್ದು ಕೇಳುತ್ತಿತ್ತು.

“ನಿಮ್ಮೂರಲ್ಲಿ ಕನ್ನಡಕದ ಅಂಗಡಿ ಇಲ್ವಾ?”

“ಇದೆ. ದೊಡ್ಡ ಬೀದೀಲೇ ಎರಡಿವೆ.”

“ಎರಡಿವೆ.” ಮಾರಿಸ್ ಆ ಮಾತನ್ನು ನಿಧಾನವಾಗಿ ಮತ್ತೆ ಹೇಳಿದ. “ನೋಡೀಪ್ಪಾ, ಆ ಸ್ಟೀರಿಂಗ್ ಹಿಂದೆ ಕೂರೋಳು ಫ್ರೀಡಾ. ನಾನು ಪಕ್ಕದಲ್ಲಿ. ಏನೋ ಆಗಿ ನಾನೊಬ್ಬ ಉಳಿದಿದ್ರೆ, ಇನ್ನೊಂದು ಸಲ ಕುರುಡ ಆಗ್ತಿದ್ದೆ. ಒಂದು ಸಲದ್ದೇ ಸಾಕಾಗಿದೆ ನನಗೆ.”

ದನಿ ಏರಿರಲಿಲ್ಲ. ಅದಕ್ಕೇ ಅದು ವಿಲ್ಫ್‌ನ ಒಳಕ್ಕೆ ಇಳಿಯಿತು. ಅವನು ಕ್ಷಮಿಸಿ ಎಂದ. ಮಾರಿಸ್ ಅದಕ್ಕೆ ಹೂಂ ಎಂದನೇ ಹೊರತು ಪರವಾಗಿಲ್ಲ ಎನ್ನಲಿಲ್ಲ.

ಆಮೇಲೆ ಅವನು ಕೈಚಾಚಿ ಬ್ರಾಕೆಟ್ ಕೇಳಿದ. ವಿಲ್ಫ್ ಕೊಟ್ಟು, ತಾನು ಮುಟ್ಟುವಂತಿಲ್ಲವೆಂಬ ಕಟ್ಟಳೆಯನ್ನು ವಿವರಿಸಿದ. ಮಾರಿಸ್‌ಗೆ ಮೊದಲ ಸಲ ನಗು ಬಂತು.

“ಚೆನ್ನಾಗಿದೆ ಜೋಡಿ. ಕೈ ಜೇಬಲ್ಲಿಟ್ಕೊಂಡವರು ನೀವು, ಕಣ್ಣು ಜೇಬಲ್ಲಿಟ್ಕೊಂಡವನು ನಾನು.”

ಹಳೆಯ ಬ್ರಾಕೆಟ್ಟನ್ನು ಅವನು ಕೊಯ್ದ ಬಗೆ ನೋಡಿ ವಿಲ್ಫ್ ಬೆರಗಾದ. ಗರಗಸ ಎಳೆಯುತ್ತ, ಎಡಗೈಯ ಕಿರುಬೆರಳನ್ನು ಕೊಳವೆಗೆ ತಾಗಿಸಿಟ್ಟುಕೊಂಡು, ಅದು ಅದುರುವ ರೀತಿಯಿಂದಲೇ ಎಷ್ಟು ಕೊಯ್ದಿದೆ ಎಂದು ತಿಳಿಯುತ್ತಿದ್ದ. ಉಜ್ಜಿ ನುಣುಪು ಮಾಡಿ, ಹೊಸದನ್ನು ಕೂರಿಸುವ ಮೊದಲು ಅದರ ತೂತುಗಳೊಳಗೆ ಬೆರಳು ಹಾಕಿ ನೋಡಿದ. ಒಂದರ ಬಾಯಲ್ಲಿ ಉಕ್ಕಿನ ಸಣ್ಣ ಮುಳ್ಳು ಉಳಿದಿತ್ತು. ಅದನ್ನು ವಿಲ್ಫ್‌ನ ಬೆರಳಿಗೆ ಒತ್ತಿ ತೋರಿಸಿ, ಇದೂ ಕಂಡಿಲ್ಲ ಅಲ್ವಾ ಎಂದು ಕೇಳಿ, ತಾನೇ ಎರಡು ಸಲ ಅರ ಆಡಿಸಿ ತೆಗೆದ.

ಮಧ್ಯಾಹ್ನ ಫ್ರೀಡಾ ಇಬ್ಬರಿಗೂ ಬೇಯಿಸಿದ ಹ್ಯಾಮು, ಹೊಸ ಆಲೂಗಡ್ಡೆ, ಮೇಲೆ ರೂಬಾರ್ಬು ಕಸ್ಟರ್ಡು ಬಡಿಸಿದಳು. ಮಾರಿಸ್ ಹೆಂಡತಿಯ ಮುಂದೆ ವಿಲ್ಫ್‌ನ ಕಣ್ಣಿನ ಸುದ್ದಿ ಎತ್ತಲಿಲ್ಲ. ವಿಲ್ಫ್ ಲೆಸ್ಟರ್ ಬಿಟ್ಟ ಮೇಲೆ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡ.

ಸೋಮವಾರ ಅವನು ಹಾಬ್ಡೇಯ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಹಾಬ್ಡೇ ಕೆಂಪಾದ. ಒಂದು ವರ್ಷ ನನ್ನ ಕಣ್ಣಿಗೂ ಮಣ್ಣೆರಚಿದಿರಲ್ಲ ಎಂದು ರೇಗಿದ. ಕೋಣೆಯಲ್ಲಿ ಎರಡು ಸುತ್ತು ಹಾಕಿ, ಕಿಟಕಿಯಾಚೆ ಹೊಳೆ ನೋಡುತ್ತ ನಿಂತ. ನಿಂತಲ್ಲಿಂದಲೇ, ಟೋಪಿ ಹಾಕಿಕೊಂಡು ಈಗಲೇ ದೊಡ್ಡ ಬೀದಿಗೆ ಹೋಗಿ ಬನ್ನಿ ಎಂದ. ಕನ್ನಡಕ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ವಿಲ್ಫ್ ಜ್ವಾಲೆ ಮುಟ್ಟದೆ ವರ್ಕ್‌ಶಾಪ್ ಗುಡಿಸಿದ, ಪೆಟ್ಟಿಗೆಗೆ ಮೊಳೆ ಹೊಡೆದ. ಕನ್ನಡಕ ಹಾಕಿಕೊಂಡ ಮೊದಲ ಸಂಜೆ ನೋರಾಳ ಮುಖ ನೋಡಿ, ನಿನ್ನ ಗಲ್ಲದ ಮೇಲೆ ಮಚ್ಚೆ ಇದೆಯಲ್ಲ ಎಂದದ್ದಕ್ಕೆ ಅವಳು, ಮದುವೆಯ ದಿನವೂ ಇತ್ತು ಎಂದಳು.

ಲೆಸ್ಟರ್‌ಗೂ ಅವನು ಒಂದು ಕಾಗದ ಬರೆದ. ಆ ಬೆಸುಗೆಯವನು ನಾನೇ, ಅವತ್ತು ಹೇಳದೆ ಹೋದೆ ಎಂದು ನಾಲ್ಕು ಸಾಲು. ಟಿಲ್ಲಿಯಿಂದ ಕಾರ್ಡು ಬಂತು: “ಗೊತ್ತಿತ್ತು. ಅವತ್ತು ನಿಮ್ಮ ಮುಖ ನೋಡಿದ್ದೆ. ಕಾರು ಚೆನ್ನಾಗಿ ಓಡುತ್ತಿದೆ.”

ಜೂನ್‌ನಲ್ಲಿ ಸುಂಕದ ಅಧಿಕಾರಿ ಛತ್ರಿಯೊಂದಿಗೆ ಮತ್ತೆ ಬಂದ. ನಿಮ್ಮ ಆಳು ಹನ್ನೊಂದು ಮನೆ ಸುತ್ತಿದ್ದಾನಂತೆ, ಏನು ಮಾಡಿ ಬಂದ ಎಂದು ವಿಚಾರಿಸಿದ. ಚಹಾ ಕುಡಿದು ಬಂದೆ ಎಂದ ವಿಲ್ಫ್. ಅಧಿಕಾರಿ ನಂಬಲಿಲ್ಲ. ಹನ್ನೊಂದು ಮಂದಿಗೂ ಬರೆದು ಕೇಳಿದ. ಉತ್ತರಗಳು ಬಂದ ಮೇಲೆ ಅವನು ಮತ್ತೆ ತಕರಾರು ಎತ್ತಲಿಲ್ಲ. ಬೆಡ್‌ಫರ್ಡಿನ ಪೆಟಿಫರ್ ತನ್ನ ಉತ್ತರದ ಪ್ರತಿಯೊಂದನ್ನು ಹಾಬ್ಡೇಗೂ ಕಳಿಸಿದ್ದ. ಮೂವತ್ತು ವರ್ಷದಲ್ಲಿ ನನ್ನ ಕುರ್ಚಿಯಲ್ಲಿ ಕೂತ ಯಾವ ರೋಗಿಯೂ ಆ ಮನುಷ್ಯನಷ್ಟು ಯಾತನೆಯನ್ನು ಅಷ್ಟು ಸುಮ್ಮನೆ ಸಹಿಸಿಲ್ಲ ಎಂದು ಅದರಲ್ಲಿತ್ತು.

ಹದಿಮೂರನೆಯ ಪಂಜರದಿಂದ ಮುಂದಕ್ಕೆ ಎಲ್ಲ ಪಿಪಿಟ್‌ಗಳಿಗೂ ತಬ್ಬುವ ಬ್ರಾಕೆಟ್ಟೇ ಬಂತು. ಇನ್ನೊಂದು ಪದ್ಧತಿಯೂ ಶುರುವಾಯಿತು. ತಿಂಗಳಿಗೊಂದು ಶನಿವಾರ ಮಾರಿಸ್ ಆಲ್ಡಸ್ ವೇರ್‌ಗೆ ಬಂದು, ಕಳಿಸಲು ಸಿದ್ಧವಾದ ಪಂಜರಗಳ ಕೂಡುಗಳನ್ನೆಲ್ಲ ತಡವಿ ನೋಡಬೇಕು. ಅವನು ಹೂಂ ಎಂದದ್ದು ಮಾತ್ರ ಪೆಟ್ಟಿಗೆಗೆ ಹೋಗಬೇಕು. ಇದು ಹಾಬ್ಡೇಯ ಏರ್ಪಾಡು. ಬುಟ್ಟಿ ಹೆಣೆಯುವುದಕ್ಕಿಂತ ವಾಸಿ ಎಂದು ಮಾರಿಸ್ ಒಪ್ಪಿಕೊಂಡ. ಮುಂದಿನ ಐದು ವರ್ಷ, ವರ್ಕ್‌ಶಾಪ್ ಮುಚ್ಚುವವರೆಗೆ, ಅವನು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಅಷ್ಟರಲ್ಲಿ ನೂರ ಅರವತ್ತಕ್ಕೂ ಹೆಚ್ಚು ಪಿಪಿಟ್‌ಗಳು ಹೋಗಿದ್ದವು. ಅವನು ಬೇಡ ಎಂದದ್ದು ನಾಲ್ಕು. ಆ ನಾಲ್ಕನ್ನೂ ವಿಲ್ಫ್ ಮರುಮಾತಿಲ್ಲದೆ ಕೊಯ್ದು ಮತ್ತೆ ಬೆಸೆದ.

ಮೊದಲ ಶನಿವಾರ ಬಂದದ್ದು ಆಗಸ್ಟಿನಲ್ಲಿ. ಫ್ರೀಡಾ ಎರಡನೆಯ ಯತ್ನದಲ್ಲಿ ಡ್ರೈವಿಂಗ್ ಪರೀಕ್ಷೆ ಗೆದ್ದಿದ್ದಳು. ಎಂಬತ್ತು ಮೈಲಿ ತಾನೇ ಓಡಿಸಿಕೊಂಡು, ತಲೆಗೆ ಸ್ಕಾರ್ಫ್ ಬಿಗಿದು, ಮುಖದ ತುಂಬ ಧೂಳು ಮೆತ್ತಿಕೊಂಡು ಅಂಗಳಕ್ಕೆ ಬಂದಳು. ಕಾರಿಗೆ ಹಸಿರು ಬಣ್ಣ. ಬಣ್ಣ ಬಳಿದವನು ಮಾರಿಸ್, ಎಲ್ಲಿ ಬಿಟ್ಟುಹೋಗಿದೆ ಎಂದು ತೋರಿಸಿದವಳು ತಾನು ಎಂದಳು. ಮಾರಿಸ್ ಇಳಿದು, ಹಾಬ್ಡೇಯ ತೋಳು ಹಿಡಿದುಕೊಂಡು ಪಂಜರಗಳ ಕಡೆಗೆ ಹೊರಟವನು, ಏನೋ ನೆನಪಾಗಿ ನಿಂತ.

“ವಿಲ್ಫ್, ಇದರಲ್ಲಿ ಕೂತು ರಸ್ತೆಗೆ ಹೋಗಿದ್ದೀರಾ ಯಾವತ್ತಾದ್ರೂ?”

ವಿಲ್ಫ್ ಇಲ್ಲ ಎಂದ. ವರ್ಕ್‌ಶಾಪಿನಿಂದ ಹೋಗುತ್ತಿದ್ದದ್ದು ಪೆಟ್ಟಿಗೆಗಳು. ಕಟ್ಟಿ ನಿಂತದ್ದನ್ನು ಅವನು ಕಂಡದ್ದು ಬೇರೆಯವರ ಹಿತ್ತಲಲ್ಲಿ.

“ಹಾಗಾದ್ರೆ ನನ್ನ ಜಾಗದಲ್ಲಿ ಕೂತ್ಕೊಳ್ಳಿ. ನನಗೆ ಇಲ್ಲಿ ಒಂದು ಗಂಟೆ ಕೆಲಸ ಇದೆ.”

ಬಾಗಿಲಿಲ್ಲದ ಕಾರಿಗೆ ಕಾಲೆತ್ತಿ ಒಳಗಿಳಿಯುವುದು ಐವತ್ತೆರಡರ ಮೊಣಕಾಲಿಗೆ ಸುಲಭವಾಗಿರಲಿಲ್ಲ. ಫ್ರೀಡಾ ನಗು ಅದುಮಿಕೊಂಡು ನೇರ ಮುಂದಕ್ಕೆ ನೋಡುತ್ತ ಕೂತಿದ್ದಳು. ದೊಡ್ಡ ಬೀದಿ ದಾಟಿ, ಸೇತುವೆ ದಾಟಿ, ಊರಾಚೆಯ ಏರು ಹತ್ತಿದ ಮೇಲೆ ಅವಳು ಗೇರು ಬದಲಿಸಿ ವೇಗ ಕೊಟ್ಟಳು. ಎರಡು ಕಡೆ ಬಾರ್ಲಿ ಕೊಯ್ಲು ನಡೆದಿತ್ತು. ರಸ್ತೆ ಅಂಗೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಓಡುತ್ತಿತ್ತು. ಒಂದೊಂದು ಹರಳು ಕೂಡ ಬೆನ್ನುಮೂಳೆಗೆ ತಿಳಿಯುತ್ತಿತ್ತು. ವಿಲ್ಫ್ ಕೂಡಿಸಿದ್ದ ಕೊಳವೆಗಳೆಲ್ಲ ಕೆಳಗೆ ಒಂದೇ ಸಮ ಗುನುಗುತ್ತಿದ್ದವು.

ಫ್ರೀಡಾ ಏನೋ ಕೇಳಿದಳು. ಗಾಳಿಗೆ ಕೇಳಿಸಲಿಲ್ಲ. ಅವಳು ಕತ್ತು ಬಗ್ಗಿಸಿ, ಇಲ್ಲೇ ತಿರುಗಿಸ್ಲಾ, ಇನ್ನೂ ಸ್ವಲ್ಪ ದೂರ ಹೋಗೋಣ್ವಾ ಎಂದು ಕೂಗಿದಳು.

ಇನ್ನೂ ಸ್ವಲ್ಪ ದೂರ ಎಂದು ವಿಲ್ಫ್ ಕೈ ತೋರಿಸಿದ.